ಬೆನ್ನ ಕಡೆಯ ಚಿತ್ರಗಳು

ಮೇಷ್ಟ್ರ ಫೋನು ಬಂದಾಗ ನಾನು ಹೊಲಿಗೆ ಅಂಗಡಿಯಲ್ಲಿ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದೆ. ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಹೂಂಗುಟ್ಟುವುದಷ್ಟೇ ಸಾಧ್ಯವಾಯಿತು. ಮಗಳ ಆನ್‌ಲೈನ್ ಕೋರ್ಸಿನ ಮೇಷ್ಟ್ರು ಅವರು. ಒಳ್ಳೆಯ ಸುದ್ದಿ ಹೇಳುವ ದನಿಯಲ್ಲಿಯೇ ಶುರು ಮಾಡಿದರು.

"ಮಗಳ ಪರೀಕ್ಷೆ ಬಗ್ಗೆ ನೀವು ಕೊಟ್ಟ ಅರ್ಜಿ ನೋಡಿದೆ ಕಣಮ್ಮ. ದಾರಿ ಸಿಕ್ತು. ಪರೀಕ್ಷೆ ದಿನ ನೀವು ಅವಳ ಪಕ್ಕದಲ್ಲಿ ಕೂತ್ಕೊಳ್ಳಿ. ಅವಳು ಬಾಯಲ್ಲಿ ಹೇಳ್ಲಿ, ನೀವು ಮೌಸ್ ಹಿಡ್ಕೊಂಡು ಹೆಸರುಗಳನ್ನ ಚಿತ್ರದ ಮೇಲೆ ಎಳೆದು ಇಡಿ. ಅಷ್ಟೇ! ಬುದ್ಧಿವಂತೆ ಅವಳು, ಕಣ್ಣು ಮುಚ್ಕೊಂಡು ಪಾಸಾಗ್ತಾಳೆ."

ಸಂಜೆ ಇದನ್ನು ಮಗಳಿಗೆ ಹೇಳಿದೆ. "ಕೊನೇ ಮಾತು ಸರಿಯಾಗಿ ಹೇಳಿದಾರೆ, ನಂಗೆ ಬೇರೆ ದಾರೀನೇ ಇಲ್ಲ," ಎಂದು ನಕ್ಕಳು. ಅವಳಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಆಮೇಲೆ ನಗು ನಿಲ್ಲಿಸಿ, "ಆಗಲ್ಲ ಅಮ್ಮ," ಎಂದಳು.

"ಯಾಕೇ?"

"ನಾಳೆ ಯಾರಾದ್ರೂ ರೋಗಿ ನನ್ನ ಮುಂದೆ ಮಲಗಿದಾಗ ನಿನ್ನ ಕರೆಸ್ಲಾ? ಮೌಸ್ ನಿಂದಾದ್ರೆ ಮಾರ್ಕ್ಸೂ ನಿಂದೇ. ನಂಗೆ ನಂದು ಬೇಕು."

ಮನೆಯಲ್ಲಿ ಅವಳನ್ನು ಲಾಯರಮ್ಮ ಅಂತಲೇ ಕರೆಯುವುದು. ಎರಡು ವರ್ಷದವಳಿದ್ದಾಗಲೇ ಮಲಗುವುದು ಏಕೆ ಎಂದು ವಾದ ಹೂಡಿದವಳು. ಈಗ ಹತ್ತೊಂಬತ್ತು. ಫಿಸಿಯೋಥೆರಪಿ ಸಹಾಯಕಿಯಾಗುವ ಕೋರ್ಸಿಗೆ ಸೇರಿದ್ದಳು. ಬೆರಳುಗಳಂತೂ ಅದಕ್ಕೇ ಹುಟ್ಟಿದವು. ನನ್ನ ಅತ್ತೆಯ ಮಂಡಿಯನ್ನು ಒಮ್ಮೆ ಒತ್ತಿದರೆ ನೋವು ಎಲ್ಲಿದೆ ಎಂದು ಅತ್ತೆಗಿಂತ ಮೊದಲೇ ಹೇಳುತ್ತಿದ್ದಳು. 'ದೇಹ ಮತ್ತು ಭಂಗಿ' ಎಂಬ ಮೊದಲ ಪೇಪರು ಪಾಸಾದವರಿಗೆ ಮಾತ್ರ ಆಸ್ಪತ್ರೆಯ ತರಬೇತಿ. ಈ ಸಲ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಪರೀಕ್ಷೆಗೆ ಏಳು ವಾರವಿತ್ತು.

"ಇಷ್ಟೊಂದು ಜಂಬ ಯಾಕೆ?" ಅತ್ತೆ ಒಳಗಿನಿಂದ ಕೂಗಿದರು. "ಅಮ್ಮ ಮೌಸ್ ಹಿಡಿದ್ರೆ ಮೌಸೇನು ಸವೆದುಹೋಗುತ್ತಾ?"

"ಅಜ್ಜಿ, ನಿಮ್ಮ ಹಲ್ಲಿನ ಸೆಟ್ ಹಾಕ್ಕೊಂಡು ಬೇರೆಯವರು ಅಗಿದುಕೊಟ್ರೆ ತಿಂತೀರಾ?"

ಮನೆಯಲ್ಲಿ ನಾವು ಮೂವರೇ. ಅವಳಪ್ಪ ಹಡಗಿನಲ್ಲಿ ಅಡುಗೆ ಮಾಡುವವರು. ವರ್ಷಕ್ಕೆ ಎರಡು ತಿಂಗಳು ಮನೆಯವರು, ಉಳಿದ ಹತ್ತು ತಿಂಗಳು ಫೋನಿನವರು. ಹಾಗಾಗಿ ಮಾರನೆಯ ದಿನ ಅರ್ಧ ರಜೆ ಹಾಕಿ ಮಗಳನ್ನು ಕರೆದುಕೊಂಡು ಕಾಲೇಜಿಗೆ ಹೋದವಳು ನಾನೇ.

ಆನ್‌ಲೈನ್ ವಿಭಾಗ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಎರಡು ಮೇಜು, ಮೂರು ಕಂಪ್ಯೂಟರು, ಕಿಟಕಿ ಇರಬೇಕಾದಲ್ಲಿ ಒಂದು ಫ್ಯಾನು. ಮೇಷ್ಟ್ರು ತೆಳ್ಳಗಿನ ಮನುಷ್ಯ. ಪಾಪ, ಇನ್ನೂರಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳಿಗೆ ಒಬ್ಬರೇ. ಪಕ್ಕದಲ್ಲಿ ಕೋರ್ಸಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಹೆಂಗಸು, ನೆಗಡಿಯಿಂದ ಮೂಗು ಕೆಂಪಾಗಿತ್ತು.

ಲಾಯರಮ್ಮ ವಾದ ಮಾಡಲಿಲ್ಲ. "ಒಂದು ನಿಮಿಷ ಕೀಬೋರ್ಡ್ ಕೊಡ್ತೀರಾ ಮೇಡಂ?" ಎಂದು ಕೇಳಿ, ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿದಳು. ನಾವು ಮನೆಯಲ್ಲಿ ಅದನ್ನು ಗಿಳಿ ಅನ್ನುತ್ತೇವೆ. ಕೋರ್ಸಿನ ಮೂರನೆಯ ಅಧ್ಯಾಯ ತೆರೆದಳು. ಗಿಳಿ ನುಡಿಯಿತು: "ಚಿತ್ರ. ಚಿತ್ರ. ಚಿತ್ರ. ಹೆಸರಿಲ್ಲದ ಬಟನ್. ಚಿತ್ರ. ಹೆಸರಿಲ್ಲದ ಬಟನ್."

ಹೆಂಗಸು ಕರವಸ್ತ್ರ ಮೂಗಿನಿಂದ ತೆಗೆದಳು. "ಇದು ನಾವು ಮಾಡಿರೋ ಕೋರ್ಸಾ?"

"ಹೌದು ಮೇಡಂ. ಇದೇ ಅಧ್ಯಾಯನ ನಾನು ಮೂರು ಸಲ ಓದಿದೀನಿ. ಬಾಯಿಪಾಠ ಆಗಿದೆ."

ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಕೊನೆಗೆ ಹೆಂಗಸೇ ಮಾತಾಡಿದಳು. ಎಳೆದು ಇಡುವ ಪ್ರಶ್ನೆಗಳನ್ನು ಪಟ್ಟಿಯಿಂದ ಆರಿಸುವ ಪ್ರಶ್ನೆಗಳಾಗಿ ಬದಲಿಸಬಹುದು, ಆಗ ಕೀಬೋರ್ಡೇ ಸಾಕು. ಬಟನ್‌ಗಳಿಗೆ ಹೆಸರು ಕೊಡುವುದೂ ತನ್ನ ಕೆಲಸ, ಮಾಡುತ್ತೇನೆ. ಆದರೆ ಚಿತ್ರಗಳು? ಪ್ರತಿ ಚಿತ್ರದ ಹಿಂದೆ ಒಂದು ಖಾಲಿ ಪೆಟ್ಟಿಗೆ ಇರುತ್ತದೆ. ಚಿತ್ರದಲ್ಲಿ ಏನಿದೆ ಎಂದು ಅದರಲ್ಲಿ ಬರೆದರೆ ಗಿಳಿ ಅದನ್ನು ಓದುತ್ತದೆ.

"ನೂರ ನಲವತ್ತು ಚಿತ್ರ ಇದಾವೆ. ಯಾರು ಬರೀತಾರೆ? ಸರ್‌ಗೆ ಊಟಕ್ಕೇ ಹೊತ್ತಿಲ್ಲ. ನಂಗೆ ಮೂಳೆ ಯಾವುದು ಮಾಂಸ ಯಾವುದು ಗೊತ್ತಿಲ್ಲ."

ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು: "ನಾನು ಬರೀತೀನಿ."

ಮೂವರೂ ನನ್ನ ಕಡೆ ತಿರುಗಿದರು.

"ಮೂವತ್ತು ವರ್ಷದಿಂದ ಮೈ ಅಳೀತಿದೀನಿ ಸರ್. ಭುಜ, ಕಂಕುಳು, ಬೆನ್ನು, ಸೊಂಟ ನಂಗೆ ಹೊಸದಲ್ಲ. ಹೆಸರು ನೀವು ಹೇಳ್ಕೊಡಿ."

ಮನೆಯಲ್ಲಿ ಅತ್ತೆ ಗಲ್ಲಕ್ಕೆ ಕೈಯಿಟ್ಟರು. "ನೀನಾ? ನಿನ್ನ ಕಾಗದ ಓದೋಕೆ ನನ್ನ ಮಗ ಹಡಗಲ್ಲಿ ಇಬ್ಬರನ್ನ ಸಹಾಯಕ್ಕೆ ಕರೀತಿದ್ದ."

ಅಂಗಡಿಯಲ್ಲಿ ಮಧ್ಯಾಹ್ನದ ಊಟಕ್ಕೆ ಮುಕ್ಕಾಲು ಗಂಟೆ ಬಿಡುವು. ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಬಟ್ಟೆ ಸರಿಸಿ, ಮಗಳ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಕೈಯಲ್ಲಿ ಊಟ, ಇನ್ನೊಂದು ಕೈಯಲ್ಲಿ ಬರವಣಿಗೆ. ಮೊದಲ ಚಿತ್ರಕ್ಕೆ ಇಡೀ ಬಿಡುವು ಹೋಯಿತು. ಸಂಜೆ ಗಿಳಿ ಅದನ್ನು ಓದಿತು: "ಬಿಳಿ ಹಿನ್ನೆಲೆ. ಮೇಲಿನ ಮೂಲೆಯಲ್ಲಿ ಕಾಲೇಜಿನ ನೀಲಿ ಗುರುತು. ಕೆಳಗಿನ ಮೂಲೆಯಲ್ಲಿ ಚಿಕ್ಕ ಅಕ್ಷರ, ಪುಟಸಂಖ್ಯೆ. ನಡುವೆ ಒಬ್ಬ ಗಂಡಸು, ತಲೆಗೂದಲು ಕಡಿಮೆ, ಮುಖ ಸ್ವಲ್ಪ ಸಪ್ಪೆ..."

"ಅಮ್ಮಾ," ಮಗಳು ಗಿಳಿಯ ಬಾಯಿ ಮುಚ್ಚಿಸಿದಳು. "ಮೂಳೆ ಬರೋ ಹೊತ್ತಿಗೆ ನಂಗೆ ಅಜ್ಜಿ ವಯಸ್ಸಾಗುತ್ತೆ. ಆ ಗಂಡಸನ್ನ ನಂಗೆ ಮದುವೆ ಮಾಡಿಸ್ತಿದೀಯಾ?"

"ಇರೋದನ್ನೆಲ್ಲ ಹೇಳ್ಬೇಕಲ್ವೇನೇ?"

"ಬೇಡ. ಈ ಚಿತ್ರ ಇಲ್ಲಿ ಯಾಕಿದೆ? ಅದೊಂದು ಹೇಳು. ಮೂಲೆಮುಡುಕಿನ ಕಸ ಬೇಡ."

ಕಲಿತೆ. ಎರಡನೆಯ ವಾರದ ಹೊತ್ತಿಗೆ ಕೈ ಕುದುರಿತು. ಮೂಲೆಗಳನ್ನು ನೋಡುವುದನ್ನೇ ಬಿಟ್ಟೆ. ಕೊರಳಿನ ಮೂಳೆಗೆ, "ಅಂಗಿಯ ಕಾಲರಿನ ಕೆಳಗೆ ಬೆರಳಿಡಿ, ಅಲ್ಲಿಂದ ಭುಜದ ಹೊಲಿಗೆಯವರೆಗೆ ಅಡ್ಡಕ್ಕೆ ಹೋಗುವ ಗಟ್ಟಿ ಕೋಲು" ಎಂದು ಬರೆದೆ. ಅದನ್ನು ಓದಿದ ಒಬ್ಬರು ಫೋನು ಮಾಡಿದರು. ಅದೇ ಕೋರ್ಸಿನಲ್ಲಿ ಗಿಳಿಯ ನೆರವಿನಿಂದ ಓದುವವರು ಇನ್ನಿಬ್ಬರಿದ್ದರು. ಬೇರೆ ಊರಿನ ಒಬ್ಬಳು ಹುಡುಗಿ, ಮತ್ತೆ ಇವರು, ಲಾರಿ ಮೆಕ್ಯಾನಿಕ್ ಆಗಿದ್ದು ನಾಲ್ಕು ವರ್ಷದ ಹಿಂದೆ ದೃಷ್ಟಿ ಕಳೆದುಕೊಂಡವರು. ಐವತ್ತು ದಾಟಿದೆ. ಮಗಳು ಅವರನ್ನು ಸ್ಪ್ಯಾನರ್ ಮಾಮ ಅನ್ನುತ್ತಾಳೆ.

"ಅಕ್ಕಾ, ಈಗ ಗೊತ್ತಾಯ್ತು," ಎಂದರು. "ಇಷ್ಟು ದಿನ ನಂಗೆ ಮನುಷ್ಯನ ಮೈ ಅಂದ್ರೆ ಬಾನೆಟ್ ತೆಗೀದೇ ಇರೋ ಗಾಡಿ ಇದ್ದ ಹಾಗಿತ್ತು. ಬರೀರಿ, ನಿಲ್ಲಿಸಬೇಡಿ."

ನಿಲ್ಲಿಸಲಿಲ್ಲ. ನಾಲ್ಕನೆಯ ವಾರ ಶಾಲೆಯೊಂದರ ಸಮವಸ್ತ್ರದ ಕೆಲಸ ಬಂದು ಅಂಗಡಿಯಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಆದರೂ ಆರನೆಯ ಅಧ್ಯಾಯದ ಮೂವತ್ತೊಂದು ಚಿತ್ರಗಳನ್ನು ನಾಲ್ಕೇ ಮಧ್ಯಾಹ್ನಗಳಲ್ಲಿ ಮುಗಿಸಿದೆ. ಅದು ಭಂಗಿಯ ಅಧ್ಯಾಯ: ಒಂದು ಭುಜ ಇಳಿದವರು, ಸೊಂಟ ಓರೆಯಾದವರು, ಬೆನ್ನುಮೂಳೆ ಪಕ್ಕಕ್ಕೆ ಬಾಗಿದವರು. ಬರೀ ಗೆರೆಯ ಚಿತ್ರಗಳು. ಮುಖವಿಲ್ಲ, ನಡುವೆ ಬೆನ್ನುಮೂಳೆಯ ಸರಪಳಿ. ಇಂಥವರು ನನಗೆ ದಿನಾ ಸಿಗುತ್ತಾರೆ. ಒಂದು ಭುಜಕ್ಕೆ ಹತ್ತಿ ತುಂಬಿ ಕೋಟು ಸಮ ಮಾಡುವವಳು ನಾನೇ ತಾನೆ? ಆ ಅಧ್ಯಾಯ ಬರೆದಾಗ ನನಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು.

ಐದನೆಯ ವಾರ ಅಭ್ಯಾಸ ಪರೀಕ್ಷೆ. ಪಟ್ಟಿಯಿಂದ ಆರಿಸುವ ಹೊಸ ಪ್ರಶ್ನೆಗಳು, ಕೀಬೋರ್ಡಿನಲ್ಲಿ ಸಲೀಸಾಗಿ ಸಾಗಿದವಂತೆ. ಕೈ ನಡುಗುವುದರಿಂದ ಮೌಸ್ ಹಿಡಿಯಲಾಗದ ಒಬ್ಬ ವಿದ್ಯಾರ್ಥಿಯೂ ಮೊದಲ ಬಾರಿಗೆ ತಾನೇ ಮುಗಿಸಿದನಂತೆ. ಮಗಳು ಕುಣಿಯುತ್ತಿದ್ದಳು. ಎರಡು ದಿನದ ಮೇಲೆ ಮೇಷ್ಟ್ರ ಈಮೇಲ್ ಬಂತು. ಗಿಳಿ ಏರಿಳಿತವಿಲ್ಲದ ದನಿಯಲ್ಲಿ ಓದಿತು: ದೃಷ್ಟಿದೋಷವುಳ್ಳ ಮೂವರು ವಿದ್ಯಾರ್ಥಿಗಳ ಉತ್ತರಗಳಲ್ಲಿ ಅದೇ ಏಳು ಪ್ರಶ್ನೆಗಳು ತಪ್ಪಾಗಿವೆ, ಮೂವರ ತಪ್ಪು ಉತ್ತರವೂ ಒಂದೇ. ಪರಸ್ಪರ ನಕಲು ಮಾಡಿರುವ ಅನುಮಾನವಿದೆ. ಸೋಮವಾರ ಪ್ರಿನ್ಸಿಪಾಲರ ಮುಂದೆ ವಿಚಾರಣೆ. ಅಲ್ಲಿಯವರೆಗೆ ಮೂವರ ಅಂತಿಮ ಪರೀಕ್ಷೆಯ ನೋಂದಣಿ ತಡೆಹಿಡಿಯಲಾಗಿದೆ.

ಮಗಳ ಮುಖ ಬಿಳುಪೇರಿತು. "ನಾನು ಕದ್ದೆ ಅಂತಾರಲ್ಲಮ್ಮ!"

ವಾದದಲ್ಲಿ ಎಂದೂ ಸೋಲದವಳು ಅವತ್ತು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಭಾನುವಾರ ಬೆಳಿಗ್ಗೆ ಅಂಗಡಿಯ ಬೀಗ ತೆಗೆದು ಅವಳನ್ನು ಕರೆದುಕೊಂಡು ಹೋದೆ. ಅಲ್ಲಿ ಬಟ್ಟೆ ತೊಡಿಸಿ ನೋಡಲು ಇಟ್ಟ ತಲೆಯಿಲ್ಲದ ಗೊಂಬೆಯಿದೆ, ಮರದ ಕಾಲಿನ ಮೇಲೆ ನಿಂತ ಮುಂಡ. ಏಳು ಪ್ರಶ್ನೆಗಳನ್ನೂ ಒಂದೊಂದಾಗಿ ತೆಗೆದೆವು. ಎಲ್ಲವೂ ಆರನೆಯ ಅಧ್ಯಾಯದವೇ. 'ಯಾವ ಭುಜ ಇಳಿದಿದೆ?' 'ಬೆನ್ನುಮೂಳೆ ಯಾವ ಕಡೆಗೆ ಬಾಗಿದೆ?'

"ನೀನು ಎಡ ಅಂತ ಬರೆದಿದೀಯ, ನಾನು ಎಡ ಅಂತ ಹಾಕಿದೆ," ಎಂದಳು. ಗೊಂಬೆಯ ಬೆನ್ನ ಮೇಲೆ ಎರಡೂ ಅಂಗೈ ಇಟ್ಟು ನಿಂತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. "ಅಮ್ಮಾ, ಈ ಪಾಠದ ತುಂಬಾ ಮೇಷ್ಟ್ರು 'ರೋಗಿಯ ಹಿಂದೆ ನಿಂತು ನೋಡಿ' ಅಂತಾನೇ ಹೇಳ್ತಾರೆ. ನೀನು ಎಲ್ಲಿ ನಿಂತಿದ್ದೆ?"

ನಾನು ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಗ್ಗಿದೆ. ಚಿತ್ರದ ಕೆಳಗಿನ ಮೂಲೆಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿತ್ತು: 'ಹಿಂಬದಿಯ ನೋಟ'. ಮೂವತ್ತೊಂದು ಚಿತ್ರಗಳಲ್ಲೂ ಇತ್ತು.

ಮೂವತ್ತು ವರ್ಷ ಗಿರಾಕಿಗಳು ನನ್ನೆದುರು ನಿಂತಿದ್ದಾರೆ. ಎದುರು ನಿಂತವರ ಎಡಗೈ ಇರುವುದು ನನ್ನ ಬಲಕ್ಕೆ. ಯೋಚಿಸದೆಯೇ ತಿರುಗಿಸಿ ಬರೆದುಕೊಳ್ಳುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಮುಖವಿಲ್ಲದ ಆ ಗೆರೆಯ ಮನುಷ್ಯರನ್ನೂ ಎದುರು ನಿಲ್ಲಿಸಿಕೊಂಡು ಬರೆದಿದ್ದೆ. ಅವರೆಲ್ಲ ನನಗೆ ಬೆನ್ನು ಹಾಕಿ ನಿಂತಿದ್ದರು. ಇಡೀ ಅಧ್ಯಾಯವೇ ಎಡಬಲ ಅದಲುಬದಲು.

ಸ್ಟೂಲಿನ ಮೇಲೆ ಕೂತೆ. ಅವಳಿಗೆ ಕಳ್ಳಿಯ ಪಟ್ಟ ಕಟ್ಟಿದ್ದು ನಾನು. ಅವಳೊಬ್ಬಳಿಗೇ ಅಲ್ಲ, ಮೂವರಿಗೂ.

ಮನೆಗೆ ಬಂದು ಹೇಳಿದಾಗ ಅತ್ತೆ ಸುತ್ತ ಯಾರಾದರೂ ಇದ್ದಾರೇನೋ ಎಂಬಂತೆ ನೋಡಿ ದನಿ ತಗ್ಗಿಸಿದರು. "ಆ ಪೆಟ್ಟಿಗೆ ನಿನ್ನ ಕೈಯಲ್ಲೇ ಇದೆಯಲ್ಲ, ಸುಮ್ಮನೆ ತಿದ್ದಿಬಿಡು. ಯಾರಿಗೆ ಗೊತ್ತಾಗುತ್ತೆ? ಒಬ್ಬ ದರ್ಜಿ ಬರೆದದ್ದು ಅಂತ ಗೊತ್ತಾದ್ರೆ ಎಲ್ಲಾ ನಿಲ್ಲಿಸಿಬಿಡ್ತಾರೆ. ಪರೀಕ್ಷೆಗೆ ಇನ್ನು ಹನ್ನೆರಡೇ ದಿನ."

ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಬರೆಯುತ್ತಿರುವುದು ಪ್ರಿನ್ಸಿಪಾಲರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಿರಲಿಲ್ಲ. ಮಗಳು ನನ್ನ ಉತ್ತರಕ್ಕೆ ಕಾಯುತ್ತ ಕೂತಿದ್ದಳು.

"ತಿದ್ದಿದ್ರೆ ಪುರಾವೆ ಹೋಗುತ್ತೆ ಅತ್ತೆ," ಎಂದೆ. "ಚಿತ್ರ ಸರಿ ಆಗುತ್ತೆ, ಇವರು ಕಳ್ಳರಾಗೇ ಉಳೀತಾರೆ."

ಮೊದಲು ಸ್ಪ್ಯಾನರ್ ಮಾಮನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. "ಆ ಕಡೆ ಬ್ರೇಕ್ ತಂತಿ ಈ ಕಡೆಗೆ ಹಾಕಿದೀರಿ. ಗಾಡಿ ಇನ್ನೂ ರೋಡಿಗೆ ಇಳಿದಿಲ್ಲವಲ್ಲ, ಬಿಚ್ಚಿ ಹಾಕಿ," ಎಂದರು. ಕೊನೆಗೆ ಒಂದು ಮಾತು ಸೇರಿಸಿದರು: "ಆದ್ರೆ ಅಕ್ಕಾ, ನನ್ನ ಮಕ್ಕಳ ಮುಂದೆ ನಕಲು ಮಾಡಿದ ಅಪ್ಪ ಆಗೋಕೆ ನಂಗಿಷ್ಟ ಇಲ್ಲ. ನಾಳೆ ಗಟ್ಟಿಯಾಗಿ ಹೇಳಿ."

ಸೋಮವಾರ ಗೊಂಬೆಯನ್ನು ಕಂಕುಳಲ್ಲಿ ಅವುಚಿಕೊಂಡು, ಇನ್ನೊಂದು ಕೈಯನ್ನು ಮಗಳಿಗೆ ಕೊಟ್ಟು ಬಸ್ಸು ಹತ್ತಿದೆ. ಕಂಡಕ್ಟರ್ ಮೂವರನ್ನೂ ಮೇಲಿಂದ ಕೆಳಗೆ ನೋಡಿದ.

"ಇವರಿಗೂ ಟಿಕೆಟ್ ಹರೀಲಾ?"

"ತಲೆಗೊಂದು ಟಿಕೆಟ್ ಅಲ್ವಾ? ಇವರಿಗೆ ತಲೇನೇ ಇಲ್ಲ, ಎಣಿಸ್ಕೊಳ್ಳಿ," ಎಂದಳು ಮಗಳು. ಮೂರು ದಿನದ ಮೇಲೆ ಅವಳ ಹಳೆಯ ದನಿ ಮರಳಿತ್ತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಗೊಂಬೆಯನ್ನು ಮೇಜಿನ ಮುಂದೆ ನಿಲ್ಲಿಸಿದೆ. ಉಳಿದಿಬ್ಬರು ವಿದ್ಯಾರ್ಥಿಗಳು ಫೋನಿನಲ್ಲಿದ್ದರು. ಪ್ರಿನ್ಸಿಪಾಲರು ಬಿಗಿಯಾದ ಜಡೆಯ, ಬಿಗಿಯಾದ ಮಾತಿನ ಹೆಂಗಸು. ನಾನು ಪೀಠಿಕೆ ಹಾಕಲಿಲ್ಲ. "ಇವರು ಮೂವರೂ ನಕಲು ಮಾಡಿರೋದು ನಿಜ ಮೇಡಂ. ನನ್ನ ತಪ್ಪನ್ನ ನಕಲು ಮಾಡಿದಾರೆ," ಎಂದೆ. ಗೊಂಬೆಯ ಒಂದು ಭುಜಕ್ಕೆ ಬಟ್ಟೆ ಸಿಕ್ಕಿಸಿದೆ, ಎದುರು ನಿಂತು ತೋರಿಸಿದೆ, ಹಿಂದೆ ಹೋಗಿ ತೋರಿಸಿದೆ. ಮೇಷ್ಟ್ರು ತೆರೆಯ ಮೇಲೆ ಏಳು ಪ್ರಶ್ನೆಗಳನ್ನೂ ನನ್ನ ಬರಹದ ಪಕ್ಕದಲ್ಲಿಟ್ಟು ನೋಡಿದರು. ಐದನೆಯದಕ್ಕೆ ಬರುವಷ್ಟರಲ್ಲಿ ಅವರ ಕಿವಿ ಕೆಂಪಾಯಿತು.

"ಏಳಕ್ಕೆ ಏಳೂ ಹೊಂದುತ್ತೆ ಮೇಡಂ. ಇವರು ಪಾಠ ಸರಿಯಾಗೇ ಓದಿದಾರೆ. ಪಾಠವೇ ತಪ್ಪಿತ್ತು."

ಪ್ರಿನ್ಸಿಪಾಲರು ನಕಲಿನ ಆರೋಪ ಅಲ್ಲೇ ಹೊಡೆದುಹಾಕಿದರು. ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. "ಆದ್ರೆ ಇದು ಹೀಗೆ ನಡೆಯೋಕಾಗಲ್ಲ. ತರಬೇತಿ ಇಲ್ಲದವರು ಪಾಠ ಬರೆಯೋದು ಅಂದ್ರೇನು? ನಿಮ್ಮ ಬರಹ ಪೂರ್ತಿ ತೆಗೆಸ್ತೀನಿ. ಈ ಸಲ ಪಕ್ಕದಲ್ಲಿ ಯಾರಾದ್ರೂ ಕೂತು ಓದಿ ಹೇಳ್ಲಿ. ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಎಂಬ ಮಾತನ್ನು ನಾನು ಅವಳನ್ನು ಶಾಲೆಗೆ ಸೇರಿಸಿದ ದಿನದಿಂದ ಕೇಳುತ್ತ ಬಂದಿದ್ದೇನೆ.

"ಮೇಡಂ, ಅಂಗಿ ತಪ್ಪಾದ್ರೆ ನಾವು ಬಿಚ್ಚಿ ಹೊಲೀತೀವಿ," ಎಂದೆ. "ಗಿರಾಕೀನ ಬರಿಮೈಯಲ್ಲಿ ಮನೆಗೆ ಕಳಿಸಿ, ಮುಂದಿನ ವರ್ಷ ಬಾ ಅನ್ನಲ್ಲ. ನಾನು ಮಾಡಿದ ತಪ್ಪು ಬರೆದದ್ದಲ್ಲ. ಟ್ರಯಲ್ ನೋಡದೆ ಕೊಟ್ಟದ್ದು. ಮೂವತ್ತು ವರ್ಷದಲ್ಲಿ ಒಂದು ಕೋಟೂ ಹಾಗೆ ಕೊಟ್ಟಿಲ್ಲ, ಇದನ್ನ ಕೊಟ್ಟೆ. ಈಗ ನೂರ ನಲವತ್ತಕ್ಕೂ ಟ್ರಯಲ್ ಮಾಡ್ತೀವಿ. ಗಿಳಿ ಓದುತ್ತೆ, ಇವಳು ಕೇಳಿ ಗೊಂಬೆ ಮೇಲೆ ಸೂಜಿ ಚುಚ್ಚಿ ತೋರಿಸ್ತಾಳೆ, ಮೇಷ್ಟ್ರು ಚಿತ್ರ ನೋಡಿ ಸರಿ ಅನ್ನಬೇಕು. ಸೂಜಿ ತಪ್ಪಿದ್ರೆ ನನ್ನ ಬರಹ ತಪ್ಪು."

"ಮೇಷ್ಟ್ರಿಗೆ ಹೊತ್ತೆಲ್ಲಿದೆ?" ಎಂದರು ಪ್ರಿನ್ಸಿಪಾಲರು.

ಮೇಷ್ಟ್ರು ಗೊಂಬೆಯನ್ನೇ ನೋಡುತ್ತಿದ್ದರು. "ಮಾಡ್ಕೋತೀನಿ ಮೇಡಂ. ಇವರು ಬರೆದದ್ದರಲ್ಲಿ ಒಂದನ್ನೂ ನಾನು ತೆರೆದು ನೋಡಿರಲಿಲ್ಲ. ನೋಡಿದ್ರೆ ಇದು ಇಲ್ಲಿವರೆಗೆ ಬರ್ತಿರಲಿಲ್ಲ."

ಪ್ರಿನ್ಸಿಪಾಲರು ಕ್ಯಾಲೆಂಡರ್ ನೋಡಿದರು. "ಒಂಬತ್ತು ದಿನ ಕೊಡ್ತೀನಿ. ಒಂದು ಚಿತ್ರ ಬಾಕಿ ಉಳಿದ್ರೂ ಪರೀಕ್ಷೆ ಪಕ್ಕದವರ ಕೈಯಲ್ಲೇ."

ಆ ಒಂಬತ್ತು ದಿನ ಅಂಗಡಿಯ ಯಜಮಾನತಿ ನನ್ನನ್ನು ಸಹಿಸಿಕೊಂಡದ್ದು ದೊಡ್ಡದು. ಮಧ್ಯಾಹ್ನ ಅಂಗಡಿ, ಸಂಜೆ ಮನೆ. ಗೊಂಬೆ ನಮ್ಮ ಜೊತೆ ಓಡಾಡಿತು. ಗಿಳಿ ಓದುವುದು, ಲಾಯರಮ್ಮ ಸೂಜಿ ಚುಚ್ಚುವುದು, ನಾನು ಫೋನಿನಲ್ಲಿ ತೋರಿಸುವುದು, ಆ ಕಡೆ ಮೇಷ್ಟ್ರು ಬಾಯಲ್ಲಿ ತುತ್ತಿಟ್ಟುಕೊಂಡೇ "ಸರಿ" ಅಥವಾ "ಎರಡು ಬೆರಳು ಕೆಳಗೆ" ಅನ್ನುವುದು. ಗೊಂಬೆಗಿಲ್ಲದ ಕೈಕಾಲಿನ ಚಿತ್ರ ಬಂದಾಗ ಅತ್ತೆಯೇ ಗೊಂಬೆಯಾಗುತ್ತಿದ್ದರು, ಸೂಜಿಯ ಬದಲು ಸೀಮೆಸುಣ್ಣ. "ಮೆಲ್ಲಗೇ! ಇದು ಇನ್ನೂ ಬಳಕೆಯಲ್ಲಿರೋ ಕಾಲು," ಎಂದು ಕೂಗುತ್ತಿದ್ದರು. ಆರನೆಯ ಅಧ್ಯಾಯ ಬಿಟ್ಟು ಇನ್ನೂ ಹನ್ನೊಂದು ತಪ್ಪು ಸಿಕ್ಕವು. ಅವುಗಳಲ್ಲಿ ಎಂಟು ನನ್ನವು. ಉಳಿದ ಮೂರರಲ್ಲಿ ಬರಹ ಚಿತ್ರದಂತೆಯೇ ಇತ್ತು, ಆದರೆ ಅವಳು ತನ್ನ ಕೈಗೆ ಸಿಕ್ಕ ಜಾಗದಲ್ಲೇ ಗುರುತು ಹಾಕಿದಳು. ಮೇಷ್ಟ್ರು ತಪ್ಪು ಎಂದರು, ಅವಳು ಬಿಡಲಿಲ್ಲ.

"ಸರ್, ಅಜ್ಜಿ ಮಂಡಿ ನನ್ನ ಕೈಯಲ್ಲಿದೆ. ಈ ಸ್ನಾಯು ಇಲ್ಲಿಗೇ ಮುಗಿಯುತ್ತೆ. ನಿಮ್ಮ ಚಿತ್ರದಲ್ಲಿ ಗೆರೆ ಎಲ್ಲಿಗೆ ಹೋಗಿದೆಯೋ ನೋಡಿ."

ಮೇಷ್ಟ್ರು ಪುಸ್ತಕ ತಿರುವುವ ಸದ್ದು ಕೇಳಿಸಿತು. ಆಮೇಲೆ, "ಮೂರು ವರ್ಷದಿಂದ ಇದನ್ನ ಹೀಗೇ ತೋರಿಸ್ತಿದೀನಿ," ಎಂದರು. ಕಣ್ಣಿದ್ದವರೆಲ್ಲ ಅದನ್ನೇ ನೋಡಿಕೊಂಡು ಪಾಸಾಗಿದ್ದರು.

ಎಂಟನೆಯ ದಿನ ಸಂಜೆ ನೂರ ನಲವತ್ತನೆಯ ಚಿತ್ರಕ್ಕೆ "ಸರಿ" ಬಂತು. ಆಮೇಲೆ ಇನ್ನಿಬ್ಬರು ಅದನ್ನೆಲ್ಲ ಓದಲು ಹೊತ್ತು ಬೇಡವೇ? ಸ್ಪ್ಯಾನರ್ ಮಾಮ ಎರಡು ದಿನ ಇಯರ್‌ಫೋನ್ ಕಿವಿಯಿಂದ ತೆಗೆಯಲಿಲ್ಲವಂತೆ.

ಪರೀಕ್ಷೆ ಮನೆಯಿಂದಲೇ. ಕ್ಯಾಮೆರಾ ಆನ್ ಇರಬೇಕು, ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಲಾಯರಮ್ಮ ಇಯರ್‌ಫೋನ್ ಹಾಕಿಕೊಂಡು, "ಆಯ್ತು, ಎಲ್ಲರೂ ಹೊರಗೆ," ಎಂದು ಬಾಗಿಲು ಹಾಕಿಕೊಂಡಳು. ನಾನೂ ಅತ್ತೆಯೂ ಮೆಟ್ಟಿಲ ಮೇಲೆ ಕೂತೆವು. ಒಳಗಿನಿಂದ ಕೀಲಿಗಳ ಟಪಟಪ. ಕೆಲವೊಮ್ಮೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ನನಗೆ ಅದೇ ಯೋಚನೆ. ಯಾವ ಚಿತ್ರವೋ, ನಾನು ಏನು ಬರೆದಿದ್ದೆನೋ.

"ಕಿಟಕೀಲಿ ಒಂದು ಸಲ ಇಣುಕಿ ಬಾರೇ," ಅತ್ತೆ ಪಿಸುಗುಟ್ಟಿದರು.

"ಬೇಡ ಅತ್ತೆ."

"ನೋಡಿದ್ರೆ ಏನಾಗುತ್ತೆ?"

"ಬೇಡ ಅಂದ್ರೆ ಬೇಡ. ಅಲ್ಲಿ ನಂದೇನೂ ಇಲ್ಲ."

ಒಂದೂವರೆ ಗಂಟೆಯ ಮೇಲೆ ಬಾಗಿಲು ತೆರೆಯಿತು. ಅಂಕ ಆಗಲೇ ಬಂದಿತ್ತು. ನಲವತ್ತಕ್ಕೆ ಮೂವತ್ತೊಂದು, ಇಪ್ಪತ್ತನಾಲ್ಕು ಬಂದಿದ್ದರೂ ತರಬೇತಿಗೆ ಸಾಕಿತ್ತು. ಅತ್ತೆ ಅವಳ ಕೆನ್ನೆ ಹಿಡಿದುಕೊಂಡರು. ನಾನು ಲ್ಯಾಪ್‌ಟಾಪಿನ ಮುಂದೆ ಕೂತು ತಪ್ಪಾದ ಒಂಬತ್ತನ್ನು ಹುಡುಕತೊಡಗಿದೆ. ಮೊದಲನೆಯದು ತೋಳಿನ ಸ್ನಾಯು. ಅದಕ್ಕೆ ನಾನು ಬರೆದದ್ದನ್ನು ತೆರೆದು ಎರಡೆರಡು ಸಲ ಓದಿದೆ.

ಅವಳು ಹಿಂದಿನಿಂದ ಬಂದು ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು.

"ಏನು ಹುಡುಕ್ತಿದೀಯ?"

"ನಾನೇನಾದ್ರೂ ತಪ್ಪು ಬರೆದಿದೀನೇನೋ ಅಂತ..."

"ನೀನು ಸರಿಯಾಗೇ ಬರೆದಿದೀಯ. ಆ ಅಧ್ಯಾಯ ನಾನೇ ಪರೀಕ್ಷೆಗೆ ಮತ್ತೆ ಓದಿರಲಿಲ್ಲ, ನಿದ್ದೆ ಬಂತು." ಅವಳು ಕುರ್ಚಿ ಎಳೆದು ನನ್ನ ಪಕ್ಕದಲ್ಲಿ ಕೂತಳು. "ಆ ಒಂಬತ್ತು ತಪ್ಪು ನನ್ನವಮ್ಮ. ಅದಕ್ಕೂ ಕೈ ಹಾಕ್ಬೇಡ."